ಅಣುಬಾಂಬಿಗೆ ಒನ್ಸ್ ಮೋರ್

ಅಣುಬಾಂಬಿಗೆ ಯಾರಾದರೂ ‘ಒನ್ಸ್ ಮೋರ್’ ಅನ್ನುತ್ತಾರಾ? ನಮ್ಮ ಬಸವೇಶ್ವರನಗರದಲ್ಲಿ ಅಂದರು. ನಾನೇ ಕಿವಿಯಾರೆ ಕೇಳಿದೆ.

ಕಳೆದ ಭಾನುವಾರ ನಮ್ಮ ರಸ್ತೆಯಲ್ಲಿ ರಾಜ್ಯೋತ್ಸವ. (ನಮ್ಮಲ್ಲಿ ನವೆಂಬರ್ ಪೂರ್ತಿ ಒಂದನೇ ತಾರೀಖೇ.) ಆರ್ಕೆಸ್ಟ್ರಾದವರು ವೈರ್ ಜೋಡಿಸಿಕೊಳ್ಳುವಷ್ಟು ಹೊತ್ತು ಜನ ಎದ್ದು ಹೋಗಬಾರದಲ್ಲ, ಅದಕ್ಕೊಂದು ಕವಿಗೋಷ್ಠಿ. ಪಕ್ಕದ ಮನೆಯ ವಸಂತಾ ಮೇಡಂ ಕೂಡ ಕವಿ. ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸಿ ರಿಟೈರ್ ಆದವರು. ಅಣು ಒಡೆಯುವುದು ಹೇಗೆಂದು ಬೋರ್ಡಿನ ಮೇಲೆ ಬರೆದೂ ಬರೆದೂ, ಒಡೆದಾಗ ಯಾರ ಗತಿ ಏನಾಯಿತು ಎಂಬ ಯೋಚನೆ ಹತ್ತಿಕೊಂಡಿತ್ತು. ಅದೇ ಹಿರೋಶಿಮಾದ ಕವಿತೆಯಾಯಿತು.

ನಮ್ಮ ರಸ್ತೆಯ ಕನ್ನಡ ಸಂಘದ ಸೆಕ್ರೆಟರಿ ನಾಗರಾಜ್ ಮೊದಲೇ ಕವಿತೆ ತರಿಸಿಕೊಂಡು ನೋಡಿದರು. (ಕವಿಗಳನ್ನು ನಂಬುವುದು ಹೇಗೆ?)

“ಮೇಡಂ, ಜಪಾನ್ ಓಕೆ. ಮಧ್ಯದಲ್ಲಿ ಈ ಕೊರಿಯಾದವ್ರು ಯಾಕೆ? ಜನಕ್ಕೆ ಕನ್‌ಫ್ಯೂಸ್ ಆಗುತ್ತೆ. ಆ ಪ್ಯಾರಾ ತೆಗೆದ್ಬಿಡಿ.”

“ಅವ್ರನ್ನ ದುಡಿಸೋಕೆ ಅಂತ ಜಪಾನಿಗೆ ಎಳ್ಕೊಂಡು ಹೋಗಿದ್ರು, ನಾಗರಾಜ್. ಬಾಂಬ್ ಅವ್ರ ಮೇಲೂ ಬಿತ್ತು. ಅವ್ರನ್ನ ನೆನೆಸ್ಕೊಳ್ಳೋರೇ ಕಡಿಮೆ. ನಾನು ಬರ್ದಿರೋದೇ ಅವ್ರಿಗೋಸ್ಕರ.”

“ಮೂರು ನಿಮಿಷ ಅಷ್ಟೇ ಮೇಡಂ. ಆಮೇಲೆ ಬೆಲ್ ಹೊಡೀತೀನಿ!”

ಮೇಡಂ ಮುಖ ಚಿಕ್ಕದಾಯಿತು. ಪ್ಯಾರಾ ತೆಗೆದರು. ನನಗಂತೂ ಮೈಯೆಲ್ಲ ಉರಿಯಿತು.

ನಮ್ಮ ಕವಿಗೋಷ್ಠಿಗಳ ಪದ್ಧತಿ ಗೊತ್ತಲ್ಲ? ಸಾಲು ಜೋರಾಗಿದ್ದರೆ ಸಾಕು, ಅರ್ಥ ಯಾರೂ ಕೇಳುವುದಿಲ್ಲ, ಚಪ್ಪಾಳೆ ಗ್ಯಾರಂಟಿ. ಮೇಡಂ ದನಿಯೇರಿಸಿ “ಬಿತ್ತು ನೋಡಿ ಬಾಂಬು!” ಎಂದದ್ದೇ ತಡ, ಹಿಂದಿನ ಸಾಲಿನಿಂದ ಸಿಳ್ಳೆ. “ಒನ್ಸ್ ಮೋರ್ ಮೇಡಂ, ಒನ್ಸ್ ಮೋರ್!”

ಮೇಡಂ ಕನ್ನಡಕ ತೆಗೆದರು. “ಬೇಡ ಕಣ್ರಪ್ಪಾ. ಅದು ಆಗ್ಲೇ ಎರಡು ಸಲ ಬಿದ್ದಿದೆ.”

ಮೇಡಂ ಕನ್ನಡಕ ಮತ್ತೆ ಏರಿಸಿ ಹಾಳೆ ತಿರುವಿದರು.

“ಇನ್ನೂ ಕೇಳಲೇಬೇಕು ಅಂದ್ರೆ ಬಿಟ್ಟಿರೋ ಪ್ಯಾರಾ ಒಂದಿದೆ. ಓದ್ಲಾ?”

“ಓದಿ ಮೇಡಂ!” ಎಂದು ಎಲ್ಲರೂ ಕೂಗಿದರು. ಬೆಲ್ ಮೇಲೆ ಹೋಗಿದ್ದ ನಾಗರಾಜ್ ಕೈ ಅಲ್ಲೇ ನಿಂತಿತು.

ಆ ಪ್ಯಾರಾದಲ್ಲಿ, ಮೈ ಸುಟ್ಟ ಕೊರಿಯಾದ ಹೆಂಗಸೊಬ್ಬಳು ತನ್ನ ಭಾಷೆಯಲ್ಲಿ ನೀರು ಕೇಳುತ್ತಾಳೆ. ಮಾತು ಕೇಳಿದವರು, ಇವಳು ನಮ್ಮವಳಲ್ಲ ಎಂದು ನೀರು ಹಿಡಿದುಕೊಂಡು ಮುಂದಕ್ಕೆ ಹೋಗುತ್ತಾರೆ. ಅಷ್ಟೇ. ಸಿಳ್ಳೆ ಹಾಕಿದವರೂ ತಲೆ ತಗ್ಗಿಸಿದರು. ನಾಗರಾಜ್ ಹಳದಿ-ಕೆಂಪು ಶಾಲಿನಲ್ಲೇ ಕಣ್ಣೊರೆಸಿಕೊಂಡರು. ಪರವಾಗಿಲ್ಲ, ಕವಿತೆ ಗೆದ್ದಿತು ಎಂದು ನಾನು ಬೀಗಿದೆ.

ಕಾರ್ಯಕ್ರಮ ಮುಗಿದು ಎಲ್ಲರೂ ಬಿಸಿಬೇಳೆ ಬಾತಿನ ಕಡೆ ಹೊರಟೆವು. ಕುರ್ಚಿಗಳನ್ನು ಎತ್ತಿಡುತ್ತಿದ್ದ ಶಾಮಿಯಾನದ ಕೆಲಸಗಾರ, ಬಿಹಾರದ ಕಡೆಯವನು, ಬೆವರೊರೆಸಿಕೊಳ್ಳುತ್ತ ನೀರಿನ ಕ್ಯಾನ್ ಹತ್ತಿರ ಬಂದ.

“ಪಾನಿ, ಸಾಬ್.”

ಕ್ಯಾನ್ ಪಕ್ಕ ನಿಂತಿದ್ದವರು ಇದೇ ನಾಗರಾಜ್. ನಗುನಗುತ್ತಲೇ ಲೋಟ ಹಿಂದಕ್ಕೆಳೆದುಕೊಂಡರು. “ಕನ್ನಡದಲ್ಲಿ ಕೇಳು, ಕೊಡ್ತೀನಿ.”

ಬಾಯಾರಿಕೆಗೆ ಯಾವ ಭಾಷೆ, ಸ್ವಾಮಿ?