ಮಲ್ಲಾಜಮ್ಮ ಮಣೆಯ ಮೇಲೆ ಕೂತದ್ದು

ನನ್ನ ಓರಗಿತ್ತಿ ಮಲ್ಲಾಜಮ್ಮ ನೆಲದ ಮೇಲೆ ಕೂರುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಕವಲಂದೆಯ ನಮ್ಮ ಮನೆಯ ಪಡಸಾಲೆಯಲ್ಲಿ ಆಕೆಗೆಂದೇ ಒಂದು ಗಟ್ಟಿ ಬೆಂಚು ಮಾಡಿಸಿದ್ದರು. ಸೊಪ್ಪು ಬಿಡಿಸುವುದು ಅದರ ಮೇಲೆ, ಆಳುಗಳನ್ನು ಬಯ್ಯುವುದು ಅದರ ಮೇಲೆ, ಬೈದ ಆಳನ್ನೇ ಕೂಗಿ ಕರೆದು ಕಾಫಿ ಕೊಡುವುದೂ ಅದರ ಮೇಲೆಯೇ. ಅಕ್ಕನ ತೂಕ ನೂರಿಪ್ಪತ್ತೆಂಟು ಕೆಜಿ. ಅದು ನಮಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಅದಕ್ಕೆ ಮುಂಚೆ ಆಕೆಯನ್ನು ತೂಗುವ ಧೈರ್ಯ ಯಾರಿಗಿತ್ತು? ಆಕೆಯ ಗಂಡ, ನಮ್ಮ ಬಾವ ಶಿವರಾಜು, ನಂಜನಗೂಡಿನಲ್ಲಿ ಬೆಲ್ಲದ ಮಂಡಿ ಇಟ್ಟವರು. ಅಕ್ಕ ಮಂಡಿಗೆ ಹೋದಾಗ ತಕ್ಕಡಿಯ ಕಡೆ ನೋಡಿದರೆ ಸಾಕು, ಬಾವ ಎದ್ದು ಅಡ್ಡ ನಿಲ್ಲುತ್ತಿದ್ದರು. "ತಿಂದು ಬಂದ ಮೈ ಕಣ್ರೀ, ಕದ್ದು ಬಂದದ್ದಲ್ಲ" ಎಂದು ಅಕ್ಕ ಬೀದಿಗೆ ಕೇಳುವ ಹಾಗೆ ನಗುತ್ತಿದ್ದಳು.

ಆ ನಗು ನಿಂತದ್ದನ್ನು ನಾನು ಮೊದಲು ಕಂಡದ್ದು ಅವಳ ದೊಡ್ಡ ಮಗಳ ಮದುವೆಯ ದಿನ. ನಮ್ಮ ಕಡೆ ಹೆಣ್ಣಿನ ತಂದೆತಾಯಿ ಜೊತೆಯಲ್ಲಿ ಮಣೆಯ ಮೇಲೆ ಕೂತು ಧಾರೆ ಎರೆಯಬೇಕು. ಅಕ್ಕ ಕೂರಲು ಹೋದಳು. ಅರ್ಧಕ್ಕೆ ಮಂಡಿ ಹಿಡಿದುಕೊಂಡಿತು. ಕೂರಲೂ ಆಗದು, ಏಳಲೂ ಆಗದು. ನಾಲ್ಕು ಜನ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು. ಒಂದು ಕುರ್ಚಿ ಹಾಕಿ ಅಂತ ಯಾರೋ ಅಂದರು. ಧಾರೆ ಮಾಡಿಸಲು ಬಂದಿದ್ದ ಮಠದ ಅಯ್ನೋರು ಕಲ್ಲಯ್ಯ ಒಪ್ಪಲಿಲ್ಲ.

"ಕುರ್ಚಿ ಮ್ಯಾಲೆ ಕೂತು ಧಾರೆ ಎರಿಯೋ ಪದ್ಧತಿ ನಮ್ಮಲ್ಲಿಲ್ಲ ಕಣವ್ವ. ಚಿಕ್ಕಮ್ಮ ಅಂದ್ರೂ ತಾಯಿ ಸಮಾನವೇ. ಸುಂದ್ರಮ್ಮಣ್ಣಿ, ನೀವು ಗಂಡ ಹೆಂಡ್ತಿ ಬಂದು ಕೂತ್ಕಳಿ" ಎಂದರು.

ಹಾಗೆ ಅಕ್ಕನ ಮಗಳಿಗೆ ಧಾರೆ ಎರೆದವಳು ನಾನು. ಅಕ್ಕ ಕಂಬದ ಪಕ್ಕ ನಿಂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಎಲ್ಲರೊಡನೆ ನಗುತ್ತಲೇ ಇದ್ದಳು. ಮನೆಗೆ ಬಂದ ಮೇಲೆ ಬೆಂಚಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ನನಗೆ ಊಟ ಬೇಡ ಅಂದಳು. ಮಲ್ಲಾಜಮ್ಮ ಊಟ ಬೇಡ ಅಂದದ್ದು ಕವಲಂದೆಯ ಚರಿತ್ರೆಯಲ್ಲೇ ಮೊದಲು.

ಎರಡನೆಯವಳು ನಯನ. ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ಅವಳಿಗೆ ಟಿ. ನರಸೀಪುರದ ಸಂಬಂಧ ಕೂಡಿಬಂತು. ಹುಡುಗ ಗುರುಪ್ರಸಾದ್. ಅವನ ಅಪ್ಪ ಪುಟ್ಟಬಸವಯ್ಯನವರದು ಅಕ್ಕಿ ಗಿರಣಿ. ಗಿರಣಿಯ ಸದ್ದಿನಲ್ಲೇ ಬೆಳೆದ ಗಂಟಲು. ಗುಟ್ಟು ಹೇಳಿದರೂ ಮೂರನೆಯ ಮನೆಗೆ ಕೇಳುತ್ತಿತ್ತು. ತಿನ್ನುವುದರಲ್ಲೂ ತಿನ್ನಿಸುವುದರಲ್ಲೂ ಎತ್ತಿದ ಕೈ. ನಿಶ್ಚಿತಾರ್ಥದ ದಿನ ಅಕ್ಕ ಒಬ್ಬಟ್ಟಿನ ಮೇಲೆ ಒಬ್ಬಟ್ಟು ತುಪ್ಪದಲ್ಲಿ ಅದ್ದಿ ಹೊಡೆಯುವುದನ್ನು ನೋಡಿ ಅವರಿಗೆ ಆನಂದ ತಡೆಯಲಾಗಲಿಲ್ಲ. "ನಂಗೆ ತಕ್ಕ ಬೀಗಿತ್ತಿ ಸಿಕ್ಬುಟ್ರು ಕಣ್ರಪ್ಪಾ!" ಎಂದು ತಮ್ಮ ಎಲೆಯ ಒಬ್ಬಟ್ಟನ್ನೂ ಎತ್ತಿ ಅಕ್ಕನ ಎಲೆಗೆ ಹಾಕಿದರು. ಹುಡುಗನಿಗೆ ಆ ವರ್ಷ ಗುರುಬಲವಿಲ್ಲವೆಂದು ಮದುವೆ ಮುಂದಿನ ವೈಶಾಖಕ್ಕೆ ಹೋಯಿತು.

ಬೀಗರ ಕಾರು ರಸ್ತೆ ತಿರುಗಿತೋ ಇಲ್ಲವೋ, ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಸುಂದ್ರೀ, ಈ ಸಲ ಧಾರೆಗೆ ನೀ ಕೂರಂಗಿಲ್ಲ. ನಾನೇ ಕೂತ್ಕತೀನಿ."

"ಎಂಗಕ್ಕಾ?"

"ನನ್ ಸಕ್ಕರೆ ಕಾಯಿಲೆ ನೋಡೋ ಡಾಕ್ಟ್ರು ಏಳವ್ರೆ. ಮೈಸೂರಲ್ಲಿ ಹೊಟ್ಟೆ ಚಿಕ್ದು ಮಾಡೋ ಆಪರೇಸನ್ ಮಾಡ್ತಾರಂತೆ. ಮಾಡುಸ್ಕತೀನಿ."

ನಾನು ಬಿದ್ದು ಬಿದ್ದು ನಕ್ಕೆ. ಜನ ಹೊಟ್ಟೆ ತುಂಬಿಸಿಕೊಳ್ಳಲು ಪಾಡುಪಡುತ್ತಾರೆ, ಇವಳು ಕತ್ತರಿಸಿಕೊಳ್ಳುತ್ತಾಳಂತೆ! ಅಕ್ಕ ನಗಲಿಲ್ಲ. ಅವಳ ಮುಖ ನೋಡಿ ನನ್ನ ನಗುವೂ ಅಲ್ಲಿಗೇ ನಿಂತಿತು.

ಆಪರೇಷನ್ ಗುಟ್ಟಾಗಿ ಆಯಿತು. ಮದುವೆಗೆ ಮುಂಚೆ ತಾಯಿಯ ಹೊಟ್ಟೆ ಕುಯ್ದರಂತೆ ಎಂದರೆ, ಏನು ರೋಗವೋ, ಮಗಳಿಗೂ ಇದೆಯೋ ಎಂದು ಬೀಗರ ಕಡೆಯವರು ಆಡಿಕೊಳ್ಳುವುದಿಲ್ಲವೇ? ಮಂಡಿನೋವಿಗೆ ಔಷಧಿ ಮಾಡಿಸುತ್ತಿದ್ದೇವೆ, ಓಡಾಡುವಂತಿಲ್ಲ ಎಂದು ಬಾವ ನರಸೀಪುರಕ್ಕೆ ಹೇಳಿ ಕಳಿಸಿದರು. ಜವಳಿಗೆ, ಲಗ್ನಪತ್ರಿಕೆಗೆ, ಎಲ್ಲಕ್ಕೂ ನಾನೇ ಹೋಗಿಬಂದೆ.

ಆಪರೇಷನ್ ಮಾಡಿದ ಡಾಕ್ಟರು ಉತ್ತರ ಭಾರತದ ಕಡೆಯವರು, ಒಳ್ಳೆಯ ಮನುಷ್ಯ, ಕನ್ನಡವನ್ನು ಮೆಲ್ಲಗೆ ಆರಿಸಿ ಆರಿಸಿ ಆಡುತ್ತಿದ್ದರು. ಹೊಟ್ಟೆಯನ್ನು ನಿಂಬೆಹಣ್ಣಿನಷ್ಟು ಮಾತ್ರ ಉಳಿಸಿ ಅದಕ್ಕೆ ಕರುಳು ಜೋಡಿಸಿದ್ದೇನೆ ಎಂದರು. ಮೊದಲ ವಾರಗಳಲ್ಲಿ ಅಕ್ಕನಿಗೆ ಸಿಕ್ಕಿದ್ದು ಒಂದು ಪುಟ್ಟ ಲೋಟದಲ್ಲಿ ಬೇಳೆಕಟ್ಟು, ಎಳನೀರು, ಮಜ್ಜಿಗೆ. ಅದನ್ನೂ ಗುಟುಕು ಗುಟುಕಾಗಿ ಕುಡಿಯಬೇಕು.

"ಇದು ಊಟವೇನೇ ಸುಂದ್ರೀ, ತೀರ್ಥವೇ? ಕುಡುದ್ಮೇಲೆ ಕೈನ ತಲೆಗೆ ಒರುಸ್ಕಳ್ಳಾ?" ಎನ್ನುತ್ತಿದ್ದಳು ಅಕ್ಕ.

ಆದರೂ ತೂಕ ಇಳಿಯುತ್ತಿತ್ತು. ರವಿಕೆಗಳು ತೋಳಿನಲ್ಲಿ ಜೋಲಾಡತೊಡಗಿದವು. ಒಂದು ದಿನ ಬಳೆಗಳು ತಾವಾಗಿ ಕಳಚಿ ಬಿದ್ದಾಗ ಅಕ್ಕ ಚಪ್ಪಾಳೆ ತಟ್ಟಿ ಮನೆಯವರನ್ನೆಲ್ಲ ಕರೆದಳು. ನಾವೂ ಹಬ್ಬವೆಂಬಂತೆ ಸುತ್ತ ನಿಂತು ಆ ಬಳೆಗಳನ್ನು ನೋಡಿದೆವು.

ತಿಂಗಳು ಒಂದೂವರೆ ಕಳೆಯಿತು. ಇನ್ನು ಮೆತ್ತಗಿರುವುದನ್ನು ಸ್ವಲ್ಪ ಸ್ವಲ್ಪ ತಿನ್ನಬಹುದು, ರಾಗಿ ಬಹಳ ಒಳ್ಳೆಯದು ಎಂದರು ಡಾಕ್ಟರು. ರಾಗಿ! ಮೆತ್ತಗೆ! ಇಷ್ಟು ಕೇಳಿದ ಮೇಲೆ ಇನ್ನೇನು ಬೇಕು? ಆಸ್ಪತ್ರೆಯಿಂದ ಬಂದವಳೇ ಒಲೆ ಹೊತ್ತಿಸಿದೆ. ಎಸರು ಕುದಿಸಿ, ಗಂಟಿಲ್ಲದಂತೆ ತೊಳಸಿ, ಬೆಣ್ಣೆಯಂಥ ಮುದ್ದೆ ಕಟ್ಟಿದೆ. ಜೊತೆಗೆ ಉಪ್ಸಾರು. ಅಕ್ಕ ನೆಲ್ಲಿಕಾಯಿ ಗಾತ್ರದ ಒಂದು ತುತ್ತು ಮುರಿದು, ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗಿದಳು.

ಮುದ್ದೆಯನ್ನು ನುಂಗದೆ ಇನ್ನೇನು ಮಾಡುತ್ತಾರೆ? ನಮ್ಮಲ್ಲಿ ಹಲ್ಲಿಗೆ ತಾಗಿಸಿದರೆ ಹುಡುಗರೂ ನಗುತ್ತಾರೆ. ಚೆನ್ನಾಗಿ ಅಗಿದು ತಿನ್ನಿ ಅಂತ ಡಾಕ್ಟರು ಹೇಳಿದ್ದೇನೋ ನಿಜವೇ. ಆದರೆ ಅದು ಅನ್ನ, ಚಪಾತಿ, ಪಲ್ಯದ ಮಾತು ಅಂತ ನಾವು ತಿಳಿದೆವು. ಮುದ್ದೆಗೂ ಹಲ್ಲಿಗೂ ಎಲ್ಲಿಯ ನಂಟು?

ತುತ್ತು ಎದೆಯ ಕೆಳಗೆ ಹೋಗಿ ನಿಂತಿತು. ಅಕ್ಕನ ಕಣ್ಣು ಅಗಲವಾಯಿತು. ನೀರು ಕೊಟ್ಟರೆ ನೀರೂ ವಾಪಸು ಬಂತು, ಉಗುಳೂ ಇಳಿಯದು. ಬಾವ ಬೆನ್ನು ಗುದ್ದಿದರು. ನಮ್ಮ ಯಜಮಾನರು ತಲೆ ನೇವರಿಸಿದರು. ಪಕ್ಕದ ಮನೆಯವರು ಬಂದು ಬಾಳೆಹಣ್ಣು ನುಂಗಿಸಿ ಎಂದರು, ಇನ್ನೊಬ್ಬರು ಎಗರಿ ಎಗರಿ ಕುಣಿಸಿ ಎಂದರು. ಬಾಯಿಗೆ ಸೆರಗು ಅಡ್ಡ ಹಿಡಿದು ಪಡಸಾಲೆಯಲ್ಲಿ ಎಗರುತ್ತಿದ್ದ ಅಕ್ಕನ ಕಣ್ಣಲ್ಲಿ ನೀರು. ನಗುವುದೋ ಅಳುವುದೋ ತಿಳಿಯದೆ ನಾನು ನಂಜುಂಡಪ್ಪನಿಗೆ ಹರಕೆಯ ಮೇಲೆ ಹರಕೆ ಹೊತ್ತೆ. ಕೊನೆಗೆ ಕಾರು ಮಾಡಿಕೊಂಡು ಮೈಸೂರಿಗೆ ಓಡಿದೆವು.

ಡಾಕ್ಟರು ಬಾಯಿಂದ ನಳಿಗೆ ಇಳಿಸಿ ನೋಡಿದರು. ಹೊಟ್ಟೆಗೂ ಕರುಳಿಗೂ ಹಾಕಿದ್ದ ಜೋಡಣೆ ಗಾಯ ಮಾಯುವಾಗ ಬಿಗಿದುಕೊಂಡಿತ್ತು. ಆ ಕಿರಿದಾದ ಬಾಯಿಗೆ ನಮ್ಮ ಮುದ್ದೆ ಬೆಣೆ ಹೊಡೆದಂತೆ ಕೂತಿತ್ತು. ಅದನ್ನು ತೆಗೆದು, ಒಳಗೆ ಒಂದು ಸಣ್ಣ ಬಲೂನು ಬಿಟ್ಟು ಉಬ್ಬಿಸಿ ದಾರಿ ಅಗಲ ಮಾಡಿದರು. ಆಮೇಲೆ ನನ್ನನ್ನು ಕರೆದು ಕೇಳಿದರು.

"ಇದನ್ನು ಯಾಕೆ ಅಗಿಯಲಿಲ್ಲ?"

"ಮುದ್ದೆ ಸಾ ಅದು."

"ಮುದ್ದೆ ಸರಿ. ಯಾಕೆ ಅಗಿಯಲಿಲ್ಲ?"

ಪಕ್ಕದಲ್ಲಿದ್ದ ನರ್ಸ್ ನಮ್ಮ ಕಡೆಯ ಹುಡುಗಿ. ಬಾಯಿಗೆ ಕೈ ಅಡ್ಡ ಇಟ್ಟು ನಗು ತಡೆದುಕೊಂಡು, "ಮುದ್ದೆ ಅಗಿಯಲ್ಲ ಸರ್, ಯಾರೂ ಅಗಿಯಲ್ಲ" ಎಂದಳು. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಇಷ್ಟು ವರ್ಷದಿಂದ ಈ ಜಿಲ್ಲೆಯ ಹೊಟ್ಟೆಗಳನ್ನು ಕುಯ್ಯುತ್ತಿದ್ದೇನೆ, ಯಾರೂ ನನಗೆ ಇದನ್ನು ಹೇಳಲಿಲ್ಲವಲ್ಲ ಎಂದು ಅವರೂ ನಕ್ಕುಬಿಟ್ಟರು.

ನಕ್ಕದ್ದು ಅಲ್ಲಿಗೆ ಮುಗಿಯಿತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಮೇಲೆ ಹಾಲು ಕಂಡರೇ ಓಡಿದ ಬೆಕ್ಕಿನ ಪಾಡಾಯಿತು ಅಕ್ಕನದು. ಮಜ್ಜಿಗೆಯನ್ನೂ ಕೈಯಲ್ಲಿ ಹಿಡಿದು ದುರುಗುಟ್ಟಿ ನೋಡಿ ಕೆಳಗಿಡುತ್ತಿದ್ದಳು. ಜೋಡಣೆ ಮತ್ತೊಮ್ಮೆ ಬಿಗಿದು ಇನ್ನೊಂದು ಬಲೂನು ಆಯಿತು. ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬರುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಳ್ಳುವಳು. ಹೀಗೆಯೇ ತಿನ್ನದಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಿ ನಳಿಗೆಯಲ್ಲಿ ಊಟ ಕೊಡಬೇಕಾಗುತ್ತದೆ, ಮದುವೆಯ ಮಾತು ಆಮೇಲೆ ಎಂದು ಡಾಕ್ಟರು ಗದರಿದರು. ಬಾವ ಮಂಡಿಗೂ ಹೋಗದೆ ಬಾಗಿಲಲ್ಲಿ ಕೂತರು.

"ಸುಂದ್ರೀ, ಈ ಸಲಾನೂ ನೀನೇ ಕೂತ್ಕಬೇಕಾಯ್ತದೇನೋ" ಎಂದಳು ಅಕ್ಕ ಒಂದು ದಿನ, ಬಲು ಮೆಲ್ಲಗೆ.

ನನಗೆ ರೇಗಿತು. "ನಾ ಕೂರಾಕಿಲ್ಲ! ನೀ ಕೂರ್ದಿದ್ರೆ ಧಾರೆನೇ ಬ್ಯಾಡ. ನಿನ್ ಮಗ್ಳು ಮನೇಲೇ ಇರ್ಲಿ. ಆ ಅಂತ ಬಾಯ್ ತೆಗಿ" ಎಂದು ನುಣ್ಣಗೆ ಕಿವುಚಿದ ಅನ್ನ ಬೇಳೆಯನ್ನು ಚಮಚದಲ್ಲಿ ಅವಳ ಬಾಯಿಗಿಟ್ಟೆ. "ಅಗಿ. ನಾನೂ ಅಗೀತೀನಿ."

ಅವತ್ತಿನಿಂದ ಶುರುವಾಯಿತು ನಮ್ಮಿಬ್ಬರ ಅಗಿಯುವ ವ್ರತ. ಪಡಸಾಲೆಯಲ್ಲಿ ಅವಳು ಬೆಂಚಿನ ಮೇಲೆ, ನಾನು ಕೆಳಗೆ, ಎದುರು ಬದುರು. ತುತ್ತು ನೀರಾಗುವ ತನಕ ಅಗಿಯುವುದು. ನನ್ನ ಮುಖ ನೋಡಿ ಅವಳಿಗೆ ನಗು, ಅವಳ ಮುಖ ನೋಡಿ ನನಗೆ ನಗು. ನಕ್ಕರೆ ನೆತ್ತಿಗೇರುತ್ತದೆಂದು ಇಬ್ಬರೂ ಸೂರು ನೋಡಿಕೊಂಡು ಅಗಿಯುತ್ತಿದ್ದೆವು. ಹಾದಿಯಲ್ಲಿ ಹೋಗುವವರು ಬಾಗಿಲಲ್ಲಿ ಇಣುಕಿ, "ಏನವ್ವಾ, ಎಲೆ ಅಡ್ಕೆ ಜೋರಾ?" ಎಂದು ಕೇಳುವರು. ಉಗುರಿನಷ್ಟು ಮುದ್ದೆಯನ್ನು ಅಗಿದು ಇಳಿಸಿದ ದಿನ ಅಕ್ಕನಿಗೆ ಹೋದ ಜೀವ ಬಂತು. "ಥೂ, ಅಗುದ್ರೆ ರುಚೀನೇ ಇಲ್ಲ ಕಣೇ" ಎಂದು ಬೈದುಕೊಂಡೇ ಇನ್ನೊಂದು ಉಗುರಿನಷ್ಟು ಕೇಳಿದಳು. ನಾನು ಅಡುಗೆಮನೆಗೆ ಓಡಿ ಅತ್ತೆ.

ಮದುವೆ ಹೊತ್ತಿಗೆ ಅಕ್ಕ ನಲವತ್ತೈದು ಕೆಜಿ ಇಳಿದಿದ್ದಳು. ನೆಲದ ಮೇಲೆ ಒಂದು ಸಲ ಕೂತು ನೋಡಕ್ಕಾ ಎಂದರೆ ಕೇಳಳು. "ಕೂತ್ರೆ ಅಲ್ಲೇ ಕೂರೋದು" ಎನ್ನುವಳು. ಆಗದೇ ಹೋದರೆ ಎಂಬ ಹೆದರಿಕೆ ಅವಳಿಗೂ ಇತ್ತು, ನನಗೂ ಇತ್ತು.

ಮದುವೆ ನಂಜನಗೂಡಿನ ಛತ್ರದಲ್ಲಿ. ಬೀಗರನ್ನು ಇದಿರುಗೊಳ್ಳುವಾಗ ಅಕ್ಕ ಒಳಗೆ ನಯನಳಿಗೆ ಸೀರೆ ಉಡಿಸುತ್ತಿದ್ದಳು. ಮುಹೂರ್ತ ಹತ್ತಿರ ಬಂತು, ವಧೂವರರು ಹಸೆಗೆ ಬಂದರು. ಬಾವ ಮಣೆಯ ಮೇಲೆ ಕೂತರು. ಅಕ್ಕ ಹಸಿರು ರೇಷ್ಮೆ ಸೀರೆಯಲ್ಲಿ ಬಂದು, ನನ್ನ ಕೈ ಹಿಡಿದು, ಮಂಡಿ ಮಡಿಚಿದಳು. ಅರ್ಧಕ್ಕೆ ಬಂದಾಗ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದಳು. ನಾನು ಉಸಿರು ಹಿಡಿದೆ. ಆಮೇಲೆ ಮೆತ್ತಗೆ ಮಣೆಯ ಮೇಲೆ ಕೂತೇಬಿಟ್ಟಳು, ಚಕ್ಕಳಮಕ್ಕಳ ಹಾಕಿ!

ಕಲ್ಲಯ್ಯನವರು ಹಾಲಿನ ಗಿಂಡಿ ಎತ್ತಿಕೊಟ್ಟರು. ಅಷ್ಟರಲ್ಲಿ ಗಿರಣಿ ಸದ್ದು ಮಾಡಿತು.

"ತಡೀರಿ, ತಡೀರಿ! ನಮ್ ಬೀಗಿತ್ತಿ ಎಲ್ಲಿ?"

ಪುಟ್ಟಬಸವಯ್ಯನವರು ಎದ್ದು ನಿಂತಿದ್ದರು. ಓಲಗದವರು ಊದುವುದನ್ನು ನಿಲ್ಲಿಸಿದರು.

"ದೊಡ್ಡ ಮಗಳ ಧಾರೇಲೂ ಇಂಗೇ ಆಯ್ತಂತೆ, ನಂಗೆ ಗೊತ್ತು. ಕೂರಕ್ಕಾಗಕಿಲ್ಲ ಅಂತ ಯಾರನ್ನೋ ಕೂರುಸ್ಬುಟ್ರಂತೆ. ಈ ಯಮ್ಮ ಯಾರೋ ನಂಗೊತ್ತಿಲ್ಲ, ತಪ್ ತಿಳ್ಕಬ್ಯಾಡಿ ತಾಯಿ. ಆದ್ರೆ ಎತ್ತ ತಾಯಿ ಇರೋವಾಗ ಬ್ಯಾರೆಯವರ ಕೈಲಿ ಧಾರೆ ಎರಿಸ್ಕಂಡ್ರೆ ನಮ್ಗೇನು ಶ್ರೇಯಸ್ಸು? ಕರೀರಿ ಅವ್ರನ್ನ! ಅಯ್ನೋರೇ, ಒಂದು ಕುರ್ಚಿ ಹಾಕ್ಸಿ. ಸಾಲ್ದಿದ್ರೆ ಎರಡು ಜೋಡ್ಸಿ ಹಾಕ್ಸಿ. ಗಂಡಿನ ಕಡೆಯವ್ರು ನಾವೇ ಹೇಳ್ತಾ ಇದೀವಿ, ಯಾವನು ಬ್ಯಾಡ ಅಂತಾನೆ ನೋಡ್ತೀನಿ!"

ಯಾರೋ ಪುಣ್ಯಾತ್ಮರು ನಿಜಕ್ಕೂ ಎರಡು ಕುರ್ಚಿ ತಂದು ಹಸೆಯ ಪಕ್ಕ ಇಟ್ಟರು. ಕಲ್ಲಯ್ಯನವರು ಒಮ್ಮೆ ಕುರ್ಚಿ ನೋಡಿದರು, ಒಮ್ಮೆ ಅಕ್ಕನನ್ನು ನೋಡಿದರು. ಬಾವ ಅಕ್ಕನ ಕಡೆ ಕೈ ತೋರಿಸಿದರು, ಬೀಗರು ಅತ್ತ ನೋಡಲೇ ಇಲ್ಲ. ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ.

ಅಕ್ಕ ಕೆಂಪಾದಳು. ಗಿಂಡಿಯನ್ನು ಟಣ್ಣೆಂದು ಕೆಳಗಿಟ್ಟಳು.

"ಏನು ಬೀಗ್ರೇ, ಕುರ್ಚೀನಾ? ಹೊಟ್ಟೆ ಕುಯ್ಸಿ, ಬಾಯೊಳಕ್ಕೆ ಬಲೂನ್ ಬಿಡ್ಸಿ, ಮುದ್ದೇನ ಎಮ್ಮೆ ಅಂಗೆ ಮೆಲುಕು ಹಾಕಿ, ತಲೆಗೂದ್ಲೆಲ್ಲ ಉದುರುಸ್ಕಂಡು ಇಲ್ಲಿ ಬಂದು ಕೂತಿದ್ರೆ, ನಂಗೆ ಕುರ್ಚಿ ಆಕ್ಸ್ತೀರಾ? ನಾನೇ ಕಣ್ರೀ ಮಲ್ಲಾಜಮ್ಮ!"

ಎಂಟು ತಿಂಗಳು ಕಾಪಾಡಿದ ಗುಟ್ಟು ಮೂರು ಮಾತಿನಲ್ಲಿ ಛತ್ರದ ತುಂಬ ಹರಡಿತು. ಪುಟ್ಟಬಸವಯ್ಯನವರು ಹತ್ತಿರ ಬಂದು, ಬಗ್ಗಿ, ಮುಖವನ್ನು ದಿಟ್ಟಿಸಿ ನೋಡಿದರು. ಆಮೇಲೆ ಕೆಳಗೆ ಅಕ್ಕನ ಎದುರಿಗೇ ಕುಸಿದು ಕೂತರು.

"ಯಾಕವ್ವಾ ಇಷ್ಟೆಲ್ಲ ಅನುಭವುಸ್ದೆ? ನಂಗೊಂದು ಮಾತು ಏಳಿದ್ರೆ, ನಿಂತ್ಕಂಡೇ ಎರೀರಿ ಅಂತಿದ್ನಲ್ಲವ್ವಾ" ಎಂದರು. ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡರು.

ಅಕ್ಕನ ಸಿಟ್ಟು ಇಳಿದುಹೋಯಿತು. "ನಿಮ್ಗಲ್ಲ ಬೀಗ್ರೇ. ನಂಗೇ ಬೇಕಿತ್ತು" ಎಂದಳು. ನಯನ ಹಸೆಯ ಮೇಲೆ ಕೂತೇ ಅಳುತ್ತಿದ್ದಳು, ಬಾಸಿಂಗ ಅಲ್ಲಾಡುವಷ್ಟು ನಗುತ್ತಲೂ ಇದ್ದಳು. ಕಲ್ಲಯ್ಯನವರು ಗಡಿಯಾರ ನೋಡಿ, ಮುಹೂರ್ತ ಮೀರ್ತಾ ಅದೆ ಎಂದು ಗದರಿದರು. ಓಲಗ ಎದ್ದಿತು. ಅಕ್ಕ ಎರಡೂ ಕೈಯಲ್ಲಿ ಗಿಂಡಿ ಹಿಡಿದು ಮಗಳ ಕೈಮೇಲೆ ಹಾಲು ಎರೆದಳು. ಒಂದು ತೊಟ್ಟೂ ಆಚೆ ಈಚೆ ಬೀಳಲಿಲ್ಲ.

ಧಾರೆ ಮುಗಿದು ಜನ ಊಟಕ್ಕೆ ಎದ್ದರು. ಏಳುವಾಗ ತಲೆ ಸುತ್ತಬಹುದೆಂದು ನಾನು ಕೈ ಚಾಚಿದೆ.

"ಏಳಕ್ಕಾ, ಮುಗೀತಲ್ಲ."

"ಇರು ಕಣೇ, ಏನವಸ್ರ" ಎಂದಳು ಅಕ್ಕ. ಸುತ್ತ ಬಿದ್ದಿದ್ದ ಅಕ್ಷತೆ, ಹೂವು, ಓಡಾಡುವ ಕಾಲುಗಳು, ಎಲ್ಲವನ್ನೂ ಹೊಸದಾಗಿ ನೋಡುತ್ತಿದ್ದಳು. ಯಾರದೋ ಅಂಬೆಗಾಲಿನ ಕೂಸು ಅಕ್ಷತೆ ಆರಿಸುತ್ತಾ ಬಂದು ತಾನಾಗಿ ಅವಳ ತೊಡೆ ಹತ್ತಿ, ಮೊದಲು ಹೊಟ್ಟೆಯೇ ತುಂಬಿಕೊಂಡಿರುತ್ತಿದ್ದ ಜಾಗದಲ್ಲಿ ಕೂತಿತು. ಅಕ್ಕ ನನ್ನ ಕಡೆ ತಿರುಗಿದಳು.

"ನೋಡೇ ಸುಂದ್ರೀ, ನಂಗೆ ಮಡ್ಲು ಬಂದದೆ" ಎಂದಳು.