ಕೆರಿಯಲ್ಲಿ ಕುಡಿದ ಸೂಪಿನ ಉಪ್ಪಿಗೆ ಸಂಬಂಧಿಸಿದಂತೆ

ಮಾನ್ಯ ಓದುಗರೇ,

ಮೊದಲಿಗೆ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ವಿಚಿತ್ರ ಅನುಭವಗಳೆಂದು ಜನ ಹೇಳಿಕೊಳ್ಳುವ ಯಾವುದನ್ನೂ ನಾನು ನಂಬಿದವನಲ್ಲ. ಐರ್ಲೆಂಡಿನಲ್ಲಿ ನಾವು ವಾಸಿಸುವ ಲೂಕನ್‌ನಲ್ಲಿ ನಮ್ಮ ಕನ್ನಡದ ಕುಟುಂಬಗಳು ಸೇರಿದಾಗ ಯಾರಾದರೂ ಅಂಥ ಮಾತು ತೆಗೆದರೆ ನಾನು ತಟ್ಟೆ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋಗಿಬಿಡುತ್ತಿದ್ದೆ. ಕಂಡದ್ದಕ್ಕೆಲ್ಲ ಕಾರಣವಿರುತ್ತದೆ, ಕಾರಣ ಸಿಗದಿದ್ದರೆ ಸರಿಯಾಗಿ ಕಂಡಿರುವುದಿಲ್ಲ ಎಂಬುದು ನನ್ನ ನಿಲುವಾಗಿತ್ತು. ಸದರಿ ನಿಲುವನ್ನು ಇಂದಿಗೂ ಪೂರ್ತಿಯಾಗಿ ಕೈಬಿಟ್ಟಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ, ಐರ್ಲೆಂಡಿನ ನೈಋತ್ಯ ಮೂಲೆಯ ಕೆರಿಯಲ್ಲಿ, ರಜೆಯ ಒಂದು ಸಂಜೆ ಊಟದ ಮೇಜಿನ ಮುಂದೆ ನಡೆದದ್ದನ್ನು ನಡೆದಂತೆಯೇ ನಿವೇದಿಸುವುದು ಅಗತ್ಯವೆಂದು ಭಾವಿಸಿದ್ದೇನೆ. ನಾನು ಲೀಕ್ಸ್‌ಲಿಪ್‌ನ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೆಲಸ ಮಾಡುವವನು. ಪತ್ರವ್ಯವಹಾರದ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಹಿನ್ನೆಲೆಯನ್ನು ಮೊದಲು ವಿವರಿಸುವುದು ಸೂಕ್ತ. ನನ್ನ ಪತ್ನಿ ಸುಮನಾಳ ತವರು ಮೈಸೂರು. ಅವರ ಮನೆಯಲ್ಲಿ ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯನ್ನು ಯಾರೂ ರುಚಿ ನೋಡುವಂತಿರಲಿಲ್ಲ. ಆದ್ದರಿಂದ ಅವಳ ತಾಯಿ ಕುದಿಯುವ ಪಾತ್ರೆಯ ಹಬೆಗೆ ಮುಖವೊಡ್ಡಿ, ಬರಿಯ ವಾಸನೆಯಿಂದಲೇ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹೇಳಿಬಿಡುತ್ತಿದ್ದರು. ಆ ವಿದ್ಯೆ ಮಗಳಿಗೂ ಬಂದಿತ್ತು. ಉಪ್ಪಿಗೆ ವಾಸನೆಯೇ ಇಲ್ಲವಲ್ಲ ಎಂದು ಮದುವೆಯಾದ ಹೊಸದರಲ್ಲಿ ನಾನು ವಾದಿಸಿದ್ದುಂಟು. "ಉಪ್ಪಿಗಿಲ್ಲ, ಉಪ್ಪು ಬಿದ್ದ ಸಾರಿಗಿದೆ. ನಿಮಗೆ ಮೂಗಿರೋದು ಕನ್ನಡಕ ಕೂರಿಸೋಕೆ ಅಷ್ಟೆ," ಎಂದು ಅವಳು ನನ್ನ ಬಾಯಿ ಮುಚ್ಚಿಸಿದ್ದಳು.

ಒಂದು ಚಳಿಗಾಲದಲ್ಲಿ ಅವಳಿಗೆ ಕೆಟ್ಟ ಜ್ವರ ಬಂತು. ಜ್ವರ ಇಳಿಯುವಾಗ ವಾಸನೆಯನ್ನೂ ಕೊಂಡುಹೋಯಿತು. ವಾಸನೆಯ ಹಿಂದೆಯೇ ರುಚಿಯೂ ಹೋಯಿತು. ಬರಬಹುದು, ಬರದೆಯೂ ಇರಬಹುದು ಎಂದು ವೈದ್ಯರು ತಿಳಿಸಿದರು. ಅಂದಿನಿಂದ ಅಡುಗೆಮನೆಯಿಂದ ದಿನವೂ ಒಂದು ಕರೆ ಬರುತ್ತಿತ್ತು: "ಉಪ್ಪು ನೋಡಿ ಬನ್ನಿ." ನಾನು ನೋಡಿ "ಗ್ರ್ಯಾಂಡ್" ಎನ್ನುತ್ತಿದ್ದೆ. ಇಲ್ಲಿ ಮಳೆಗೂ ಮದುವೆಗೂ ಬಸ್ಸು ತಪ್ಪಿದ್ದಕ್ಕೂ, ಎಲ್ಲ ಸರಿಯಿದೆ ಎನ್ನಲು ಅದೇ ಮಾತು. ಅದು ನನ್ನ ನಾಲಿಗೆಗೂ ಅಂಟಿಕೊಂಡಿತ್ತು. ಅವಳು ನನ್ನ ಮುಖವನ್ನೊಮ್ಮೆ ದಿಟ್ಟಿಸಿ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಉಪ್ಪು ಸಣ್ಣ ವಿಷಯ. ದೊಡ್ಡ ವಿಷಯವನ್ನು ಅವಳು ಒಂದೇ ಸಲ ಹೇಳಿದಳು, ಬಟ್ಟೆ ಮಡಿಸುತ್ತಾ. ನಮ್ಮ ಮಗಳು ಅನಘಾಳ ಶಾಲೆಯ ಸ್ವೆಟರನ್ನು ಮುಖಕ್ಕೆ ಹಿಡಿದು ತುಂಬ ಹೊತ್ತು ನಿಂತಿದ್ದು, "ಇವಳ ವಾಸನೆ ಹೇಗಿತ್ತು ಅಂತ ಮರೆತೋಗ್ತಿದೆ ರೀ," ಎಂದಳು. ಅದಕ್ಕೆ ಗ್ರ್ಯಾಂಡ್ ಎನ್ನಲು ನನ್ನಿಂದಾಗಲಿಲ್ಲ.

ಮೇಲ್ಕಂಡ ಕಾರಣದಿಂದ ಆ ಬೇಸಿಗೆಯಲ್ಲಿ ಒಂದು ತೀರ್ಮಾನ ಕೈಗೊಂಡೆ. ಕೆರಿಗೆ ರಜೆ ಹೋಗುವುದು, ಅಲ್ಲಿ ಅಡುಗೆಯ ಮಾತೇ ಕೂಡದು, ಪ್ರತಿ ಹೊತ್ತೂ ಸ್ಥಳೀಯ ಊಟದ ಮನೆಗಳಲ್ಲಿ ಉಣ್ಣುವುದು. ನಮ್ಮವರು ರಜೆ ಹೊರಟರೆ ಕಾರಿನ ಡಿಕ್ಕಿಯಲ್ಲಿ ರೈಸ್ ಕುಕ್ಕರು, ಅಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಮೊದಲು ಕೂರುತ್ತವೆ, ಮಕ್ಕಳು ಆಮೇಲೆ. ನಾನು ಕುಕ್ಕರನ್ನು ಇಳಿಸಿ ಮನೆಯೊಳಗೆ ಇಟ್ಟೆ. ಸುಮನಾ ಜಗಳವಾಡುತ್ತಾಳೆಂದು ನಿರೀಕ್ಷಿಸಿದ್ದೆ. ಅವಳು ಸುಮ್ಮನೆ ಕಾರು ಹತ್ತಿ ಕುಳಿತಳು. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸಿತು.

ನಾವು ಸಸ್ಯಾಹಾರಿಗಳಾದ ಕಾರಣ ಕೆರಿಯ ಊಟದ ಮನೆಗಳು ನಮಗೆ ಹೆಚ್ಚಿನ ಆಯ್ಕೆ ಕೊಡಲಿಲ್ಲ. ಎಲ್ಲಿ ಹೋದರೂ ತರಕಾರಿ ಸೂಪು, ಕಂದು ಬ್ರೆಡ್ಡು, ಬೆಣ್ಣೆ, ಚಿಪ್ಸು. ಒಂದು ಕಡೆ, ಸೂಪಿನಲ್ಲಿ ಮಾಂಸವಿದೆಯೇ ಎಂದು ಕೇಳಿದಾಗ ಪರಿಚಾರಕ ಬಹಳ ವಿನಯದಿಂದ, ಇಲ್ಲವೇ ಇಲ್ಲ, ಕೋಳಿ ಮಾತ್ರ ಎಂದ. ಅನಘಾ ಮೇಜಿನ ಕೆಳಗೆ ಬಗ್ಗಿ ನಕ್ಕಳು. ಸುಮನಾ ಎಲ್ಲ ಕಡೆಯೂ ಮರ್ಯಾದೆಯಿಂದ ಉಂಡಳು, ಮಾತ್ರೆ ನುಂಗುವವರ ಹಾಗೆ, ತಟ್ಟೆಯನ್ನು ನೋಡದೆ ಕಿಟಕಿಯಾಚೆಯ ಸಮುದ್ರ ನೋಡುತ್ತಾ.

ಕೊನೆಯ ಸಂಜೆ ಸಮುದ್ರದಿಂದ ಮಂಜು ಎದ್ದಿತು. ಬೇಸಿಗೆಯ ದಿನಗಳಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬೆಳಕು ಆರುವುದಿಲ್ಲ. ಸೂರ್ಯ ಎಲ್ಲಿದ್ದಾನೆಂದು ತಿಳಿಯದಿದ್ದರೂ ಮಂಜಿನೊಳಗೆ ಹಾಲು ಬೆರೆಸಿದಂಥ ಒಂದು ಬೆಳಕು ತುಂಬಿಕೊಂಡಿತ್ತು. ರಸ್ತೆ, ಕಲ್ಲಿನ ಗೋಡೆ, ಕುರಿಗಳು ಎಲ್ಲವೂ ಹತ್ತಿರ ಬಂದ ಮೇಲೆ ಕಾಣಿಸಿ, ಹಿಂದೆ ಸರಿದು ಕರಗುತ್ತಿದ್ದವು. ಕಾರು ಓಡಿಸುತ್ತಿರುವವನು ನಾನೇ ಹೌದೋ ಅಲ್ಲವೋ ಎಂಬಷ್ಟು ನಿಧಾನವಾಗಿ ಸಾಗಿದೆವು. ಹಾಗೆ ಸಾಗುವಾಗ ಒಂದು ದೀಪ, ದೀಪದ ಕೆಳಗೆ ಊಟದ ಮನೆಯ ಫಲಕ ಕಂಡಿತು. ಅದು ಒಂದು ಹಳೆಯ ಮನೆಯ ಮುಂದಿನ ಕೋಣೆಯಷ್ಟೆ. ಅಡುಗೆಯನ್ನೂ ಬಡಿಸುವುದನ್ನೂ ಮಾಡುತ್ತಿದ್ದವರು ಬ್ರೀಡಾ ಎಂಬ ನಡುವಯಸ್ಸಿನ ಹೆಂಗಸು. ನಮ್ಮನ್ನು ಬಿಟ್ಟರೆ ಕಿಟಕಿಯ ಬಳಿ ವಯಸ್ಸಾದ ಗಂಡಹೆಂಡತಿ ಕುಳಿತು ಸೂಪು ಮುಗಿಸುತ್ತಿದ್ದರು. ಇಂದಿನ ಸೂಪು ಕ್ಯಾರೆಟ್ಟಿನದು, ಪೂರ್ತಿ ತರಕಾರಿಯೇ, ಈಗಿನ್ನೂ ಒಲೆಯ ಮೇಲಿದೆ ಎಂದು ಹೇಳಿ ಬ್ರೀಡಾ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಅನಘಾ ಲೋಟಗಳಿಗೆ ನೀರು ಬಗ್ಗಿಸಿದಳು. ಆಗ ಸುಮನಾ ತಲೆಯೆತ್ತಿದಳು. ಯಾರೋ ಹೆಸರು ಹಿಡಿದು ಕರೆದಾಗ ಎತ್ತುವಂತೆ.

"ಉಪ್ಪು ಬಿದ್ದಿಲ್ಲ ರೀ ಅದಕ್ಕೆ."

"ಯಾವುದಕ್ಕೆ?"

"ಒಳಗೆ ಕುದೀತಿದೆಯಲ್ಲ, ಅದಕ್ಕೆ."

ನಮ್ಮ ಮೇಜಿನ ಮೇಲೆ ಬರಿಯ ನೀರಿನ ಲೋಟಗಳಿದ್ದವು. ನಾನು ಮುಚ್ಚಿದ ಬಾಗಿಲನ್ನು ನೋಡಿದೆ. ಅಷ್ಟರಲ್ಲಿ ಬ್ರೀಡಾ ಸೂಪು ತಂದಿಟ್ಟರು. ನಾನು ಒಂದು ಚಮಚ ಬಾಯಿಗಿಟ್ಟೆ. ಅದರಲ್ಲಿ ಉಪ್ಪು ಇರಲಿಲ್ಲ. ಕಡಿಮೆ ಇತ್ತು ಎನ್ನುತ್ತಿಲ್ಲ, ಒಂದು ಹರಳೂ ಇರಲಿಲ್ಲ ಎಂದು ಸ್ಪಷ್ಟಪಡಿಸಬಯಸುತ್ತೇನೆ. ಎಲ್ಲ ಸರಿಯಿದೆಯೇ ಎಂದು ಬ್ರೀಡಾ ವಿಚಾರಿಸಿದಾಗ ನಾನು ಅಭ್ಯಾಸಬಲದಿಂದ ಗ್ರ್ಯಾಂಡ್ ಎಂದೆ. ಸುಮನಾ ನೇರವಾಗಿ, ಇದಕ್ಕೆ ಉಪ್ಪು ಹಾಕಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳು ಇನ್ನೂ ಚಮಚವನ್ನು ಮುಟ್ಟಿರಲಿಲ್ಲ.

ಬ್ರೀಡಾ ಇನ್ನೊಂದು ಚಮಚ ತಂದು ರುಚಿ ನೋಡಿದರು. ಆಕೆಯ ಕೈ ಕೆನ್ನೆಗೆ ಹೋಯಿತು. ನನ್ನ ಕೈಯಿಂದಲೇ ಉಪ್ಪು ಹಾಕಿದ್ದೆ, ಅದೇ ಪಾತ್ರೆಯಿಂದಲೇ ಅವರಿಗೂ ಬಡಿಸಿದ್ದೆ ಎಂದು ಕಿಟಕಿಯ ಕಡೆ ತೋರಿಸಿದರು. ಕಿಟಕಿಯ ಬಳಿಯ ಮುದುಕ ನಕ್ಕು, ನಮಗೆ ಬೇಕಾದಷ್ಟು ಉಪ್ಪು ಬಂದಿದೆ, ಡಾಕ್ಟರಿಗೆ ತಿಳಿದರೆ ನನ್ನನ್ನು ಊರು ಬಿಡಿಸುತ್ತಾನೆ ಎಂದ. ನಂಬಿಕೆ ಬಾರದಿದ್ದರೆ ನೀವೇ ನೋಡಿ ಎಂದು, ತಳದಲ್ಲಿ ಸ್ವಲ್ಪ ಸೂಪು ಉಳಿದಿದ್ದ ತನ್ನ ಬಟ್ಟಲನ್ನು ನನ್ನ ಕಡೆಗೆ ಚಾಚಿದ.

ಮಾನ್ಯರೇ, ಇಲ್ಲಿ ನಾನು ಆ ಬಟ್ಟಲಿಗೆ ಬೆರಳದ್ದಿ ನೋಡಿದ್ದರೆ ಈ ಬರಹಕ್ಕೆ ಒಂದು ಸಾಕ್ಷ್ಯ ದೊರೆಯುತ್ತಿತ್ತು. ಆದರೆ ಅದು ಇನ್ನೊಬ್ಬರ ಎಂಜಲು. ಹುಟ್ಟಿದಾಗಿನಿಂದ ಬಂದ ಸಂಕೋಚ ನನ್ನ ಕೈಯನ್ನು ಹಿಡಿಯಿತು. ಬೇಡ ಬೇಡ, ಗ್ರ್ಯಾಂಡ್ ಎಂದು ನಗುತ್ತಾ ಹಿಂದೆ ಸರಿದೆ. ಬ್ರೀಡಾ ಆ ಬಟ್ಟಲನ್ನು ಒಯ್ದು ತೊಳೆದುಬಿಟ್ಟರು. ಹಾಗಾಗಿ ಆ ಮುದುಕನ ಮಾತಿನ ಹೊರತು ನನ್ನ ಬಳಿ ಬೇರೆ ಆಧಾರವಿಲ್ಲ.

ಈ ಗೊಂದಲದ ನಡುವೆ ಸುಮನಾ ನಮ್ಮ ಯಾರನ್ನೂ ಗಮನಿಸುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ ಕುಳಿತು ಒಂದೊಂದನ್ನೇ ಹೆಸರಿಸುತ್ತಿದ್ದಳು, ತುಂಬ ದಿನಗಳ ಮೇಲೆ ಮನೆಗೆ ಬಂದವರನ್ನು ಗುರುತಿಸುವ ಹಾಗೆ. ಒಲೆಯಲ್ಲಿ ಸೌದೆಯ ಬದಲು ಉರಿಯುವ ಹುಲ್ಲುಮಣ್ಣಿನ ಹೆಂಟೆಯ ಹೊಗೆ. ಬೆಣ್ಣೆ. ಬಾಗಿಲ ಸಂದಿಯಿಂದ ಬರುವ ಕಡಲಪಾಚಿ. "ನಿಮ್ಮ ಜರ್ಕಿನ್ ನೆಂದ ನಾಯಿ ತರ ನಾರ್ತಿದೆ, ಥೂ," ಎಂದು ಹೇಳಿ ನಕ್ಕಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಆಮೇಲೆ ಅವಳು ಅನಘಾಳನ್ನು ಎಳೆದುಕೊಂಡು ಅವಳ ನೆತ್ತಿಗೆ ಮೂಗಿಟ್ಟಳು. "ಮ್ಯಾಮ್, ಸ್ಟಾಪ್, ಪೀಪಲ್ ಆರ್ ಲುಕಿಂಗ್," ಎಂದು ಮಗಳು ಅಮ್ಮನನ್ನು ಮ್ಯಾಮ್ ಎನ್ನುವ ತನ್ನ ಐರಿಷ್ ರಾಗದಲ್ಲಿ ಗೊಣಗಿದಳು. ಅಮ್ಮ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗಳೂ ಸುಮ್ಮನಾಗಿ ತಲೆಯನ್ನು ಅಲ್ಲೇ ಇಟ್ಟುಕೊಂಡಳು. ಕಿಟಕಿಯಾಚೆ ಮಂಜು ಅಲುಗಾಡದೆ ನಿಂತಿತ್ತು.

ಉಪ್ಪನ್ನು ನೀವೇ ಬಂದು ಹಾಕಿ ಎಂದು ಬ್ರೀಡಾ ಅವಳನ್ನು ಅಡುಗೆಮನೆಗೆ ಕರೆದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸುಮನಾ ಪಾತ್ರೆಯ ಹಬೆಗೆ ಮುಖವೊಡ್ಡಿದಳು, ಒಂದು ಚಿಟಿಕೆ ಹಾಕಿದಳು, ಮತ್ತೆ ಮುಖವೊಡ್ಡಿದಳು, ಇನ್ನೊಂದು ಚಿಟಿಕೆ ಹಾಕಿದಳು. ರುಚಿ ನೋಡಲಿಲ್ಲ. ಬ್ರೀಡಾ ಎದೆಯ ಮೇಲೆ ಕೈಯಿಟ್ಟುಕೊಂಡು ಹತ್ತಿರದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ತನ್ನ ತಾಯಿ ಇದೇ ಒಲೆಯ ಮುಂದೆ ಹೀಗೆಯೇ ನಿಲ್ಲುತ್ತಿದ್ದಳು ಎಂದರು. ಆ ಕಾಲದಲ್ಲಿ ಭಾನುವಾರ ಚರ್ಚಿನಲ್ಲಿ ಪ್ರಸಾದ ಸ್ವೀಕರಿಸುವವರೆಗೆ ಉಪವಾಸ. ಮನೆಮಂದಿಯ ಊಟ ಮಾತ್ರ ಹೊರಡುವ ಮೊದಲೇ ಒಲೆಯ ಮೇಲಿರಬೇಕು. ಒಂದು ಹನಿ ಬಾಯಿಗೆ ತಾಗದಂತೆ, ಹಬೆಯಲ್ಲೇ ಉಪ್ಪು ನೋಡುತ್ತಿದ್ದಳಂತೆ. ಇಷ್ಟು ಹೇಳಿ ಆಕೆ ಸುಮನಾಳ ಕೈ ಹಿಡಿದುಕೊಂಡರು. ಆ ಸಂಜೆ ನಾವು ಕುಡಿದ ಸೂಪಿನ ಬಗ್ಗೆ ಏನೂ ಬರೆಯಲಾರೆ. ಸುಮನಾ ಎರಡು ಸಲ ಹಾಕಿಸಿಕೊಂಡಳು, ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿ ತಿಂದಳು.

ಹಿಂತಿರುಗುವಾಗ ಮಂಜು ತೆಳುವಾಗುತ್ತಿತ್ತು. ಸುಮನಾ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕುಳಿತಿದ್ದಳು. ಒಂದು ತಿರುವಿನಲ್ಲಿ ಕೆಳಗೆ ಸಮುದ್ರ ಪೂರ್ತಿಯಾಗಿ ಕಾಣಿಸಿತು, ಕಂಚಿನ ತಟ್ಟೆಯ ಹಾಗೆ. ಆಗ ಹಿಂದಿನಿಂದ ಅವಳ ದನಿ ಕೇಳಿಸಿತು.

"ಹೋಯ್ತು."

ನಾನು ಕಾರು ನಿಲ್ಲಿಸಲೇ ಎಂದು ಕೇಳಿದೆ. ವಾಪಸು ಹೋಗೋಣವೇ ಎಂದೂ ಕೇಳಿದೆ. "ಬೇಡ, ನಡೀರಿ," ಎಂದಳು. ಅವಳು ಅಳುತ್ತಿರಲಿಲ್ಲ. ಮಗಳ ತಲೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಮರುವರ್ಷ ನಾವು ಅಲ್ಲಿಗೆ ಮತ್ತೆ ಹೋದೆವು. ಮನೆ ಅಲ್ಲೇ ಇತ್ತು, ಬ್ರೀಡಾ ಇದ್ದರು, ಸೂಪಿಗೆ ಉಪ್ಪೂ ಇತ್ತು. ಸುಮನಾಳಿಗೆ ಯಾವ ವಾಸನೆಯೂ ಬರಲಿಲ್ಲ. ಇಂಥ ಜ್ವರದ ನಂತರ ವಾಸನೆ ಒಮ್ಮೊಮ್ಮೆ ಹೀಗೆ ಬಂದು ಹೋಗುವುದುಂಟು ಎಂದು ವೈದ್ಯರು ವಿವರಿಸಿದರು. ಸದರಿ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಆ ಗಂಡಹೆಂಡತಿಗೆ ಇದ್ದ ಉಪ್ಪು ನಮ್ಮ ಬಟ್ಟಲಿಗೆ ಬರುವಾಗ ಎಲ್ಲಿಗೆ ಹೋಗಿತ್ತು ಎಂಬುದು ಅವರ ವಿಭಾಗಕ್ಕೆ ಸೇರಿದ ಪ್ರಶ್ನೆಯಲ್ಲವಾದ್ದರಿಂದ ನಾನು ಕೇಳಲಿಲ್ಲ.

ಇನ್ನೊಂದು ಅಂಶವಿದೆ. ಆ ರಜೆಯಿಂದ ಮರಳಿದ ಮೇಲೆ ಅಡುಗೆಮನೆಯಿಂದ "ಉಪ್ಪು ನೋಡಿ ಬನ್ನಿ" ಎಂಬ ಕರೆ ನಿಂತುಹೋಯಿತು. ಹಾಲು ಸೀದರೂ ತಿಳಿಯದ ಅವಳು ಸಾರಿನ ಹಬೆಗೆ ಮುಖವೊಡ್ಡುತ್ತಾಳೆ, ಉಪ್ಪು ಹಾಕುತ್ತಾಳೆ. ಇದುವರೆಗೆ ತಪ್ಪಿಲ್ಲ. ವಾಸನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾಳೆ. ಇತ್ತೀಚೆಗೆ ಒಂದು ಭಾನುವಾರ ಅನಘಾ, ಅಮ್ಮ ಹಿತ್ತಿಲಿಗೆ ಹೋದ ಸಮಯ ನೋಡಿ ಕುದಿಯುವ ಸಾರಿಗೆ ತಾನೇ ಉಪ್ಪು ಹಾಕಿ, ನನ್ನತ್ತ ಕಣ್ಣು ಮಿಟುಕಿಸಿ, ಏನೂ ತಿಳಿಯದವಳಂತೆ ಮೊಬೈಲ್ ಹಿಡಿದು ಕುಳಿತಳು. ಸುಮನಾ ಒಳಗೆ ಬಂದಳು. ಚಮಚದಲ್ಲಿ ಉಪ್ಪು ತೆಗೆದುಕೊಂಡು ಹಬೆಗೆ ಬಾಗಿದಳು. ತುಸು ಹೊತ್ತು ಹಾಗೆಯೇ ಇದ್ದು, ಆ ಉಪ್ಪನ್ನು ಮತ್ತೆ ಡಬ್ಬಿಗೆ ಸುರಿದಳು.

"ಯಾರೋ ಆಗ್ಲೇ ಹಾಕಿದಾರೆ," ಎಂದಳು.

ಹೇಳುವಾಗ ಅವಳು ಮಗಳ ಕಡೆಗಾಗಲಿ ನನ್ನ ಕಡೆಗಾಗಲಿ ನೋಡಲಿಲ್ಲ, ಒಲೆಯ ಪಕ್ಕದಲ್ಲಿ ಯಾರೂ ಇರದ ಜಾಗದತ್ತ, ಗುಟ್ಟು ಹೇಳಿಕೊಟ್ಟವರನ್ನು ನೋಡುವ ಹಾಗೆ, ನೋಡಿ ಸ್ವಲ್ಪ ನಕ್ಕಳು. ಅನಘಾ ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟಳು. ತಟ್ಟೆಗಳು ಬಂದವು, ಊಟಕ್ಕೆ ಕುಳಿತೆವು. ಈ ಬಗ್ಗೆ ನನ್ನಲ್ಲಿ ಯಾವುದೇ ವಿವರಣೆ ಇರುವುದಿಲ್ಲ. ಸಾರಿಗೆ ಉಪ್ಪು ಸರಿಯಾಗಿತ್ತು ಎಂಬುದನ್ನು ಮಾತ್ರ ಈ ಮೂಲಕ ದೃಢೀಕರಿಸುತ್ತೇನೆ.