ದಿನಾ ಹೇಳಬೇಕಾದ ದಾರಿ

ಮೊನ್ನೆ ಲಿಂಗಸುಗೂರಿನ ನಮ್ಮ ಕಾಲೇಜಿಗೆ ಹೊಸ ಕಂಪ್ಯೂಟರುಗಳು ಬಂದವು. ಪೆಟ್ಟಿಗೆ ಬಿಚ್ಚಿದಾಗ ಥರ್ಮಾಕೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಓದಿದ ಸಿಂಧನೂರಿನ ಹಳೆಯ ಡಿಪ್ಲೊಮಾ ಲ್ಯಾಬಿಗೆ ಮನಸ್ಸಿನಲ್ಲೇ ಹೋಗಿಬಿಟ್ಟೆ. ಪಾಠ ಮಾಡುವವಳು ಹೀಗೆ ವಾಸನೆಯ ಬೆನ್ನು ಹತ್ತಿ ಹೋಗಬಹುದೇ ಎಂದು ನಗಬೇಡಿ.

ಆ ಲ್ಯಾಬು ನೋಡಿಕೊಳ್ಳುತ್ತಿದ್ದವರು ಈರಮ್ಮ ಮಿಸ್, ಮಸ್ಕಿಯವರು. ಪ್ರೋಗ್ರಾಮು ಓಡಿಸುವ ಮೊದಲು ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಯಾವ ಫೋಲ್ಡರಿನಲ್ಲಿದೆ ಎಂದು ಅದಕ್ಕೆ ತಿಳಿಸಬೇಕಿತ್ತು. ಕಿಟಕಿ ಮುಚ್ಚಿದರೆ ಹೇಳಿದ್ದೆಲ್ಲ ಮರೆತುಬಿಡುತ್ತಿತ್ತು. ಹಾಗಾಗಿ ಮಿಸ್ ದಿನಾ ಬೆಳಿಗ್ಗೆ ಒಬ್ಬೊಬ್ಬರ ಪಕ್ಕ ಕುಳಿತು ಆ ಉದ್ದನೆಯ ಸಾಲನ್ನು ಟೈಪು ಮಾಡುತ್ತಿದ್ದರು. ಬೆರಳು ಕೀಲಿಗಳ ಮೇಲೆ, ಮಾತು ನಮ್ಮ ಜೊತೆ.

"ಬಳಗಾನೂರು ಬಸ್ಸು ಇವತ್ತಾದ್ರೂ ಟೈಮಿಗೆ ಬಂತೇನ್ ಬೇ? ರೊಟ್ಟಿ ತಿಂದು ಬಂದೀಯೋ, ಹಂಗ ಓಡಿ ಬಂದೀಯೋ?"

ಅಲ್ಲಿ ನನ್ನನ್ನು ಅಷ್ಟು ಕೇಳುವವರು ಬೇರೆ ಯಾರೂ ಇರಲಿಲ್ಲ. ನಾನೂ ಬಾಯಿ ಸತ್ತವಳು. ಪಕ್ಕದವಳ ಹೆಸರು ಕೇಳಲು ಎರಡು ತಿಂಗಳು ತೆಗೆದುಕೊಂಡವಳು. ಆ ಎರಡು ನಿಮಿಷಕ್ಕಾಗಿಯೇ ಬಸ್ಸು ಹತ್ತುತ್ತಿದ್ದೆ ಎಂದರೂ ಸುಳ್ಳಲ್ಲ.

ಒಂದು ದಿನ ಪುಸ್ತಕದ ಮೂಲೆಯಲ್ಲಿ ಓದಿದೆ: ಆ ಸಾಲನ್ನು ಸೆಟ್ಟಿಂಗಿನಲ್ಲಿ ಒಮ್ಮೆ ಬರೆದಿಟ್ಟರೆ ಸಾಕು, ಕಂಪ್ಯೂಟರು ಮತ್ತೆ ಮರೆಯುವುದಿಲ್ಲ. ಬರೆದೆ. ಕಿಟಕಿ ಮುಚ್ಚಿ ತೆರೆದೆ. ಕಂಪೈಲರು ಕರೆದ ಕೂಡಲೇ ಓಗೊಟ್ಟಿತು. ಹಿಗ್ಗಿದೆ. ಮರುಕ್ಷಣವೇ ಅನಿಸಿತು: ಇನ್ನು ಮಿಸ್ ನನ್ನ ಬಳಿ ಯಾಕೆ ಬರುತ್ತಾರೆ? ಬರೆದದ್ದನ್ನು ಅಳಿಸತೊಡಗಿದೆ.

"ಯಾಕ ಅಳಸಾಕತ್ತಿ ಅದನ್ನ?" ಮಿಸ್ ಬೆನ್ನ ಹಿಂದೆಯೇ ನಿಂತಿದ್ದರು.

ಸುಳ್ಳು ಹೊಳೆಯಲಿಲ್ಲ. "ಅದು ಇದ್ರ ನೀವು ನನ್ನ ಕಡೆ ಬರಂಗಿಲ್ಲಲ್ರೀ" ಎಂದುಬಿಟ್ಟೆ.

ಮಿಸ್ ಪಕ್ಕ ಕುಳಿತು ದನಿ ತಗ್ಗಿಸಿದರು. "ನನಗೂ ಗೊತ್ತೈತಿ ಬೇ, ಮೊದಲಿಂದ. ಒಮ್ಮಿ ಬರದಿಟ್ರ ನಾ ನನ್ನ ಮೇಜಿನ ಕುರ್ಚಿ ಬಿಟ್ಟು ಏಳಂಗಿಲ್ಲ. ನಿಮ್ಮ ಮಾರಿ ಯಾರು ನೋಡ್ತಾರ? ಯಾರಿಗೂ ಹೇಳಬ್ಯಾಡ."

ಹೇಳಲಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ಮೊನ್ನೆಯ ಹೊಸ ಕಂಪ್ಯೂಟರುಗಳಿಗೆಲ್ಲ ನಾನು ಆ ಸಾಲನ್ನು ಕಾಯಮ್ಮಾಗಿ ಬರೆದಿಟ್ಟೆ. ದಿನಾ ಟೈಪು ಮಾಡುವಷ್ಟು ತಾಳ್ಮೆ ನನಗಿಲ್ಲ. ಇವತ್ತು ಮೊದಲ ಕ್ಲಾಸು. ಎಲ್ಲರ ಪ್ರೋಗ್ರಾಮೂ ಒಂದೇ ಏಟಿಗೆ ಓಡಿತು, ಯಾರೂ ನನ್ನನ್ನು ಕರೆಯಲಿಲ್ಲ. ಹತ್ತು ನಿಮಿಷ ಮೇಜಿನ ಮುಂದೆ ಹಾಯಾಗಿ ಕುಳಿತೆ. ಆಮೇಲೆ ಕೂರಲಾಗಲಿಲ್ಲ, ಎದ್ದು ಸಾಲುಗಳ ನಡುವೆ ಹೋದೆ. ಕೊನೆಯ ಸಾಲಿನಲ್ಲಿದ್ದ ಗುರುಗುಂಟಾದ ಹುಡುಗಿ ಗಾಬರಿಯಾದಳು.

"ನಂದು ಓಡಾಕತ್ತೈತ್ರಿ ಮಿಸ್, ಏನೂ ತಪ್ಪಿಲ್ರಿ."

"ಓಡ್ಲಿ ಬಿಡವ್ವಾ. ನೀ ಸ್ವಲ್ಪ ಅತ್ತಾಗ ಸರಿ" ಎಂದು ಅವಳ ಪಕ್ಕ ಕುಳಿತೆ.